ಹುಳದ ಮಿಸ್

ನನ್ನ ತಂಗಿಯ ವಿಷಯ ಹೇಳೋದಕ್ಕೆ ಮುಂಚೆ ಹೇಸಿಗೆ ವಿಷಯ ಹೇಳಬೇಕು. ಎರಡೂ ಬೇರೆ ಬೇರೆ ಅಲ್ಲ. ನಮ್ಮ ಮನೆ ಫ್ರಿಜ್ಜಿನಲ್ಲಿ ಮೊಟ್ಟೆ ಇಡೋ ತಟ್ಟೆಯ ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬಿ ಇರ್ತಿತ್ತು. ಡಬ್ಬಿ ತುಂಬ ಹುಳ. ನಮ್ಮ ಮನೆಯವರು ಒಂದು ಬೆಳಿಗ್ಗೆ ಬೆಣ್ಣೆ ಅಂದ್ಕೊಂಡು ಅದರ ಮುಚ್ಚಳ ತೆಗೆದರು. ಬೆರಳನ್ನೂ ಹಾಕಿದ್ದರು ಅಂತ ಕಾಣುತ್ತೆ, ಅದನ್ನ ಇವತ್ತಿನವರೆಗೂ ಒಪ್ಪಿಕೊಂಡಿಲ್ಲ. ಡಬ್ಬಿ ಅಲ್ಲೇ ಎತ್ತಿ ಹಾಕಿ ಬಚ್ಚಲಿಗೆ ಓಡಿದವರು ಆವತ್ತು ಕೆಲಸಕ್ಕೂ ಹೋಗಲಿಲ್ಲ, ಊಟಾನೂ ಮಾಡಲಿಲ್ಲ. ನನ್ನ ತಂಗಿ ಮಾತ್ರ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಬರಿಗೈಯಲ್ಲಿ ಹುಳಗಳನ್ನ ಹೆಕ್ಕಿ ಹೆಕ್ಕಿ ಡಬ್ಬಿಗೆ ಹಾಕ್ತಾ, "ಚಳಿಗೆ ಇವು ಮಲಗಿರ್ತವೆ ಭಾವ, ಏನೂ ಮಾಡಲ್ಲ" ಅಂತ ಬಚ್ಚಲ ಬಾಗಿಲಿಗೆ ಕೇಳಿಸೋ ಹಾಗೆ ಹೇಳ್ತಿದ್ದಳು.

ಥೂ! ಆ ಫ್ರಿಜ್ಜಿನಲ್ಲಿ ನಾನು ಇವತ್ತಿಗೂ ಬೆಣ್ಣೆ ಇಡಲ್ಲ.

ಚಿಕ್ಕವಳಿದ್ದಾಗಲೂ ಅವಳು ಹಾಗೇನೇ. ಸತ್ತ ಹಲ್ಲಿಯನ್ನ ನನ್ನ ಕಂಪಾಸ್ ಪೆಟ್ಟಿಗೆಯಲ್ಲಿಟ್ಟು, "ನಾಳೆ ಏನಾಗಿರುತ್ತೆ ನೋಡೋಣ ಅಕ್ಕಾ" ಅಂದವಳು. ಅಮ್ಮ ಬೆನ್ನಿಗೆರಡು ಬಿಟ್ಟರೂ ಅಳ್ತಾ ಅಳ್ತಾನೇ ಹಲ್ಲಿ ಎಲ್ಲಿ ಬಿಸಾಕಿದೆ ಅಂತ ಕೇಳಿದಳು. ದೊಡ್ಡವಳಾಗಿ ಪ್ರಾಣಿಶಾಸ್ತ್ರ ಓದಿದಳು. ಒಬ್ಬ ಒಳ್ಳೆ ಹುಡುಗ ಇವಳನ್ನ ಇಷ್ಟಪಟ್ಟು ಮನೆ ತನಕ ಬಂದಿದ್ದ, ಬ್ಯಾಂಕಿನಲ್ಲಿ ಕೆಲಸ, ಮಾತೂ ಮೃದು. ಅವನು ಬಿಸ್ಕತ್ತು ಬಾಯಿಗಿಡೋ ಹೊತ್ತಿಗೆ ಸರಿಯಾಗಿ, ನೊಣ ಹೇಗೆ ಮೊದಲು ಎಂಜಲು ಉಗುಳಿ ಆಮೇಲೆ ಹೀರುತ್ತೆ ಅಂತ ಇವಳು ವಿವರಿಸಿದಳು. ಬಿಸ್ಕತ್ತು ತಟ್ಟೆಗೆ ವಾಪಸ್ಸು ಬಂತು, ಹುಡುಗ ವಾಪಸ್ಸು ಬರಲಿಲ್ಲ. ಇವಳಿಗೆ ಅದರ ಚಿಂತೆಯೇ ಇಲ್ಲ. ಹೀಗೆ ನಮ್ಮ ಜೊತೆಯಲ್ಲೇ, ಹಿಂದಿನ ಕೋಣೆಯಲ್ಲಿ, ಉಳಿದುಬಿಟ್ಟಳು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು. ಶಾಲೆ ಯೂನಿಫಾರಂ, ಪರದೆ, ದಿಂಬಿನ ಕವರು, ಏನು ಬಂದರೂ ಹೊಲೀತೀನಿ.

ಅವಳ ಕೆಲಸ ಒಂದು ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ. ಸಂಶೋಧನೆ ಮಾಡೋ ಕೆಲಸ ಅಲ್ಲ, ಸಂಸ್ಥೆಯೊಳಗಿನ ವಿಜ್ಞಾನವನ್ನ ಹೊರಗಿನ ಬಡ ಮಕ್ಕಳ ಹತ್ತಿರ ತಗೊಂಡು ಹೋಗೋ ಕೆಲಸ. ಊರಿನ ಕಸವೆಲ್ಲ ಬಂದು ಬೀಳೋ ಬಯಲಿನ ಪಕ್ಕ ಒಂದು ಬಸ್ತಿ ಇದೆ. ಅಲ್ಲಿ ಗಂಡಸರು ಕಸ ವಿಂಗಡಿಸ್ತಾರೆ, ಹೆಂಗಸರು ಆಫೀಸುಗಳ ನೆಲ ಒರೆಸ್ತಾರೆ. ಅವರ ಮಕ್ಕಳಿಗೆ ಇವಳು ಒಂದು ತಗಡಿನ ಶೆಡ್ಡಿನಲ್ಲಿ ಪಾಠ ಮಾಡ್ತಾಳೆ. ಸಂಸ್ಥೆಯವರು ಕೊಟ್ಟ ಪೆಟ್ಟಿಗೆಯಲ್ಲಿ ಏನಿತ್ತು ಗೊತ್ತಾ? ವಿನೆಗರ್ ಸುರಿದರೆ ನೊರೆ ಉಕ್ಕೋ ಮಣ್ಣಿನ ಜ್ವಾಲಾಮುಖಿ. ಒಂದು ಸಲ ಉಕ್ಕುತ್ತೆ, ಮಕ್ಕಳು ಹೋ ಅಂತಾರೆ, ಫೋಟೋ ತೆಗೀತಾರೆ, ಮುಗೀತು. ಇವಳು ಆ ಪೆಟ್ಟಿಗೆ ಮೂಲೆಗೆ ತಳ್ಳಿ, "ನಿಮ್ಮಲ್ಲಿ ಯಾವುದು ಧಾರಾಳವಾಗಿದೆ?" ಅಂತ ಮಕ್ಕಳನ್ನ ಕೇಳಿದಳಂತೆ. ಒಂದು ಪೋರ, "ನೊಣ, ಮಿಸ್" ಅಂದ. ಎಲ್ಲರೂ ನಕ್ಕರು. ಇವಳು ನಗಲಿಲ್ಲ. ಆವತ್ತಿಂದ ನೊಣವೇ ಪಾಠ, ನೊಣದ ಹುಳವೇ ಪುಸ್ತಕ. ಬಸ್ತಿಯಲ್ಲಿ ಇವಳಿಗೆ ಹುಳದ ಮಿಸ್ ಅಂತಲೇ ಹೆಸರಾಯ್ತು.

ಮನೆ ನೊಣ ಅಲ್ಲ ಇವಳು ಸಾಕೋದು. ಕಪ್ಪಗೆ, ಉದ್ದಕ್ಕೆ ಇರೋ ಇನ್ನೊಂದು ಜಾತಿ. ಅದರ ಮರಿಹುಳಗಳು ಸಿಪ್ಪೆ, ಹಳಸಿದ ಅನ್ನ, ಕೊಳೆತ ತರಕಾರಿ ಏನು ಕೊಟ್ಟರೂ ತಿಂದು ಗೊಬ್ಬರ ಮಾಡ್ತವೆ. ಮರದ ಪುಡಿ ಹಾಕಿ ಹದವಾಗಿಟ್ಟರೆ ವಾಸನೆ ಇಲ್ಲ. ಇದೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ಊಟಕ್ಕೆ ಕೂತಾಗೆಲ್ಲ ಅದೇ ಹರಿಕಥೆ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಗಾದೆ ಮಾಡಿದವರು ನಮ್ಮ ಮನೆಗೆ ಒಮ್ಮೆ ಬಂದು ಹೋಗಿರಬೇಕು.

ಒಂದು ಮಳೆಗಾಲದಲ್ಲಿ ಆ ದೊಡ್ಡ ಅವಾಂತರ ಆಯ್ತು. ಶೆಡ್ಡು ಸೋರುತ್ತೆ ಅಂತ ಹುಳದ ಡಬ್ಬಿಗಳನ್ನೆಲ್ಲ ನಮ್ಮ ಅಡುಗೆಮನೆ ಕಟ್ಟೆ ಮೇಲೆ ತಂದಿಟ್ಟಿದ್ದಳು. ಬೆಳಿಗ್ಗೆ ಎದ್ದು ನೋಡ್ತೀನಿ, ಗೋಡೆ ಮೇಲೆ ಹುಳ, ಒಲೆ ಮೇಲೆ ಹುಳ, ನಾನು ಹೊಲಿದು ಮಡಚಿಟ್ಟ ಬಿಳಿ ಅಂಗಿಗಳ ಮಡಿಕೆಯೊಳಗೆ ಹುಳ! ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಳ್ಳ ನುಗ್ಗಿದ ಅಂತ ದೊಣ್ಣೆ ಹಿಡ್ಕೊಂಡು ಬಂದರು. "ಇವತ್ತು ನೀನಿರಬೇಕು, ಇಲ್ಲ ಹುಳ ಇರಬೇಕು" ಅಂತ ಪೊರಕೆ ತಗೊಂಡೆ. ಇವಳು ನನ್ನ ಕೈ ಹಿಡಿದು ಏನಂದಳು? "ತಾಳಕ್ಕಾ, ಇಷ್ಟು ದಿನ ಹತ್ತದಿದ್ದವು ಇವತ್ತು ಯಾಕೆ ಹತ್ತಿದವು?" ನನ್ನ ತಲೆಯಲ್ಲಿ ಬೆಂಕಿ, ಇವಳ ತಲೆಯಲ್ಲಿ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಹುಡುಕಿದ್ದು ಕಡ್ಡಿ. ಕಡ್ಡಿ ಅಂದ್ರೆ ಬಸ್ತಿಯ ಹುಡುಗಿ, ಆಗಷ್ಟೇ ಹತ್ತನೇ ಕ್ಲಾಸು ಪಾಸಾಗಿದ್ದಳು. ಮೈಮೇಲೆ ಮಾಂಸ ಅನ್ನೋದೇ ಇಲ್ಲ, ಗಾಳಿ ಬಂದರೆ ಹಾರಿ ಹೋಗ್ತಾಳೇನೋ ಅನ್ನಿಸುತ್ತೆ, ಅದಕ್ಕೆ ಆ ಹೆಸರು. ಬಾಯಿ ಮಾತ್ರ ಬೊಂಬಾಯಿ. ಮೊದಲ ಸಲ ನಮ್ಮ ಮನೆಗೆ ಬಂದಾಗಲೇ, "ಹುಳ ನೋಡಿದ್ರೆ ನಿಮಗ್ಯಾಕೆ ಹಾಗಾಗುತ್ತೆ ಆಂಟಿ, ಅದರಿಂದ ನಿಮಗೇನಾಗಿದೆ?" ಅಂತ ನನ್ನನ್ನೇ ಕೇಳಿದಳು. "ನಿನಗೆ ಆಗಲ್ವಾ?" ಅಂದೆ. "ಅದು ಕಸ ತಿಂದು ಖಾಲಿ ಮಾಡುತ್ತೆ. ನಾವು ಕಸ ಮಾಡ್ತೀವಿ. ಹೇಸಿಗೆ ಯಾರು?" ಅಂದಳು. ಅಧಿಕಪ್ರಸಂಗಿ. ನನಗೆ ಇಷ್ಟ ಆದಳು, ಹಾಗಂತ ಅವಳ ಮುಂದೆ ಹೇಳಲಿಲ್ಲ.

ಕಡ್ಡಿ ಎರಡು ಡಬ್ಬಿ ಇಟ್ಟಳು. ಒಂದರ ಒಳಗೋಡೆಗೆ ನೀರು ಚಿಮುಕಿಸಿದಳು, ಇನ್ನೊಂದನ್ನ ಒಣಗಿದ್ದ ಹಾಗೇ ಬಿಟ್ಟಳು. ಒದ್ದೆ ಗೋಡೆ ಇದ್ದಲ್ಲಿ ಚಿಕ್ಕ ಹುಳಗಳು ಮೈ ಅಂಟಿಸಿಕೊಂಡು ಸರಸರ ಹತ್ತಿದವು. ಒಣ ಗೋಡೆಯಲ್ಲಿ ಜಾರಿ ಜಾರಿ ಬಿದ್ದವು. ಮಳೆಗಾಲದ ಹಸಿಗೆ ನಮ್ಮ ಡಬ್ಬಿಗಳ ಗೋಡೆ ಬೆವೆತಿತ್ತು, ಅದಕ್ಕೇ ಓಡಿದ್ದು. ಇಷ್ಟೇ ವಿಷಯ. ಆದರೆ ಆ ಹುಡುಗಿ ಒಂದು ಹುಳ ಅರ್ಧಕ್ಕೆ ಹತ್ತಿ ನಿಂತಾಗ ಉಸಿರು ಬಿಗಿ ಹಿಡಿದು ನೋಡ್ತಿದ್ದಳಲ್ಲ, ಆ ಮುಖ ನೋಡಬೇಕಿತ್ತು ನೀವು. ನನ್ನ ತಂಗಿ ಹುಳ ಬಿಟ್ಟು ಆ ಮುಖವನ್ನೇ ನೋಡ್ತಾ ಕೂತಿದ್ದಳು.

ಈಗ ವಿಷಯಕ್ಕೆ ಬರ್ತೀನಿ. ಸಂಸ್ಥೆಯವರು ವರ್ಷಕ್ಕೊಂದು ಪ್ರದರ್ಶನ ಮಾಡ್ತಾರೆ. ಇಂಥ ಬಸ್ತಿಗಳ ಮಕ್ಕಳು ತಮ್ಮ ಪ್ರಯೋಗ ತೋರಿಸಬೇಕು, ಅದರಲ್ಲಿ ಒಂದೇ ಒಂದು ಮಗುವನ್ನ ಆರಿಸಿ ಹಾಸ್ಟೆಲ್ಲು, ಕಾಲೇಜು ಎಲ್ಲ ಕೊಟ್ಟು ಮುಂದೆ ಓದಿಸ್ತಾರೆ. ಆಯಾ ವರ್ಷ ಹತ್ತನೇ ಕ್ಲಾಸು ಮುಗಿಸಿದವರಿಗೆ ಮಾತ್ರ. ಕಡ್ಡಿಗೆ ಇರೋದು ಇದೊಂದೇ ಅವಕಾಶ. ಅವಳಮ್ಮ ಆಫೀಸುಗಳಲ್ಲಿ ನೆಲ ಒರೆಸೋಳು, ಗಂಡ ಇಲ್ಲ. ಮಗಳಿಗೂ ತನ್ನ ಜೊತೆ ಕೆಲಸ ಮಾತಾಡಿ ಇಟ್ಟಿದ್ದಳು. ನನ್ನ ತಂಗಿ ಹೋಗಿ ಕಾಡಿ ಬೇಡಿದ್ದಕ್ಕೆ, "ಆಯ್ತು ಮಿಸ್, ಆ ಪ್ರದರ್ಶನ ಮುಗಿಯೋ ತನಕ ತಡೀತೀನಿ. ಸೀಟು ಸಿಕ್ಕಿದ್ರೆ ಓದಲಿ, ಇಲ್ಲಾಂದ್ರೆ ನನ್ನ ಹಿಂದೆ ಬರಲಿ" ಅಂದಿದ್ದಳು. ಮಾತು ಅಂದ್ರೆ ಮಾತು, ಆ ಹೆಂಗಸು ತಡೆದಳು.

ಪ್ರದರ್ಶನದ ಉಸ್ತುವಾರಿ ಒಬ್ಬಳು ಮೇಡಂದು. ನಾನು ಅವಳನ್ನ ಸೆಂಟಮ್ಮ ಅಂತೀನಿ. ಅವಳು ಬಂದು ಹೋದ ಮೇಲೆ ಕೋಣೆಯ ಕಿಟಕಿಗಳನ್ನೆಲ್ಲ ತೆಗೀಬೇಕು, ಅಷ್ಟು ಸೆಂಟು. ಮಕ್ಕಳಿಗೆ ಬಿಳಿ ಕೋಟು ಹೊಲಿಯೋಕೆ ನನಗೆ ಹೇಳಿದ್ದು ಅವಳೇ. ಪಾಪ, ಮಕ್ಕಳಿಗೆ ಕೋಟು ಕೊಡ್ತಾರೆ ಅಂತ ನಾನು ಕಾಲರಿಗೆ ಎರಡೆರಡು ಹೊಲಿಗೆ ಹಾಕಿ, ಜೇಬಿಟ್ಟು ಹೊಲಿದೆ. ಅಳತೆಗೆ ಹೋದಾಗ ಕಡ್ಡಿ ಕೋಟು ಹಾಕ್ಕೊಂಡು ಜೇಬಿಗೆ ಕೈ ತುರುಕಿ ಆ ತುದಿಯಿಂದ ಈ ತುದಿಗೆ ನಡೆದಳು. ಆಮೇಲೆ ತಿಳೀತು, ಫೋಟೋ ಆದ ಮೇಲೆ ಕೋಟುಗಳೆಲ್ಲ ವಾಪಸ್ಸು, ಬಿಸಿನೀರಲ್ಲಿ ಕುದಿಸಿ ಮುಂದಿನ ವರ್ಷಕ್ಕೆ ಎತ್ತಿಡ್ತಾರೆ ಅಂತ. ಕುದಿಸಿ! ಮಕ್ಕಳೇನು ಕುಷ್ಠ ಹಚ್ಕೊಂಡು ಬಂದಿದ್ದವಾ?

ಪ್ರದರ್ಶನಕ್ಕೆ ಮುಂಚೆ ಒಂದು ದಿನ ಸೆಂಟಮ್ಮ ಬಸ್ತಿಯ ಶೆಡ್ಡಿಗೆ ಅತಿಥಿಗಳನ್ನ ಕರ್ಕೊಂಡು ಬಂದಳು. ಕೋಟಿನ ಗುಂಡಿ ಸರಿಮಾಡೋಕೆ ಅಂತ ನಾನೂ ಅಲ್ಲಿದ್ದೆ, ಎಲ್ಲಾ ಕಣ್ಣಾರೆ ಕಂಡೆ. ಸೆಂಟಮ್ಮನ ಮೂಗಿಗೆ ಕರ್ಚೀಫು. ಡಬ್ಬಿ ಹತ್ತಿರ ಹೋಗೋಕೆ ಮುಂಚೇನೇ ಕರ್ಚೀಫು. ಮಕ್ಕಳ ಮಧ್ಯೆ ನಿಂತು ಅತಿಥಿಗಳಿಗೆ ಭಾಷಣ ಮಾಡಿದಳು: "ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ನಮ್ಮ ಕಾರ್ಯಕ್ರಮದ ತತ್ವವೇ ಅದು." ಕೆಸರು ಇವರ ಕೈಗೆ, ಮೊಸರು ಅವರ ಬಾಯಿಗೆ, ಅದನ್ನ ಹೇಳಲಿಲ್ಲ. ಆಮೇಲೆ ಫೋಟೋಗೆ ಕಡ್ಡಿ ಭುಜದ ಮೇಲೆ ಕೈ ಇಟ್ಟಳು. ಕೈ ಅಂದ್ರೆ ಎರಡು ಬೆರಳ ತುದಿ. ಫೋಟೋ ಆದ ತಕ್ಷಣ ಬಗ್ಗಿ, "ಪ್ರದರ್ಶನದ ದಿನ ಚೆನ್ನಾಗಿ ತೊಳ್ಕೊಂಡು ಬಾ ಮರಿ, ಒಂಚೂರೂ ವಾಸನೆ ಬರಬಾರದು, ದೊಡ್ಡವರು ಬರ್ತಾರೆ, ಆಯ್ತಾ?" ಅಂದಳು. ಪರ್ಸಿನಿಂದ ಬಾಟಲಿ ತೆಗೆದು ಆ ಎರಡು ಬೆರಳಿಗೆ ಔಷಧಿ ಹಾಕಿ ತಿಕ್ಕಿಕೊಂಡಳು. ಕಡ್ಡಿ ಆ ತಿಕ್ಕೋದನ್ನೇ ನೋಡ್ತಾ ನಿಂತಿದ್ದಳು.

ಕಾರು ಹೋದ ಮೇಲೆ ಕೇಳಿದಳು: "ಮಿಸ್, ಹುಳಕ್ಕೆ ವಾಸನೆ ಇದೆಯಾ?"

"ಮೂಸಿ ನೋಡು" ಅಂದಳು ನನ್ನ ತಂಗಿ. ಅವಳದು ಯಾವಾಗಲೂ ಇದೇ, ಕೇಳಬೇಡ, ನೋಡು.

ಕಡ್ಡಿ ಡಬ್ಬಿಗೆ ಮೂಗು ಹಾಕಿ ದೀರ್ಘವಾಗಿ ಎಳೆದಳು. "ಇಲ್ಲ. ಮಣ್ಣಿನ ತರ ಇದೆ." ಮುಚ್ಚಳ ಹಾಕಿ, "ಹಾಗಾದ್ರೆ ಅವರು ಯಾವುದರ ವಾಸನೆ ಅಂದಿದ್ದು?"

ನನ್ನ ತಂಗಿ ಡಬ್ಬಿಗಳನ್ನ ಜೋಡಿಸೋಕೆ ಶುರು ಮಾಡಿದಳು. "ಅವರ ಮೂಗು ಸರಿ ಇಲ್ಲ ಬಿಡು" ಅಂದಳು. ಕಡ್ಡಿ ತನ್ನ ತೋಳನ್ನ ಮೂಗಿನ ಹತ್ತಿರ ಹಿಡಿದು ಮೂಸಿದಳು. ನಾವಿಬ್ಬರೂ ನೋಡಲಿಲ್ಲ ಅನ್ನೋ ಹಾಗೆ ಬೇರೆ ಕಡೆ ತಿರುಗಿದೆವು.

ಪ್ರದರ್ಶನದ ದಿನ ಸಂಸ್ಥೆಯ ದೊಡ್ಡ ಸಭಾಂಗಣ. ಕನ್ನಡಿ ತರ ನೆಲ, ಹೊರಗೆ ಬಿಸಿಲು, ಒಳಗೆ ನಡುಗೋವಷ್ಟು ಎಸಿ. ಸಾಲಾಗಿ ಮೇಜು, ಮೇಜಿಗೆ ನೀಲಿ ಬಟ್ಟೆ. ಕಡ್ಡಿಯ ಮೇಜು ಎಲ್ಲಿ? ಎಲ್ಲಕ್ಕಿಂತ ಕೊನೆಗೆ, ಶೌಚಾಲಯದ ಬಾಗಿಲ ಪಕ್ಕ. ನನ್ನ ತಂಗಿ ಜಗಳ ಆಡಲಿಲ್ಲ. "ಕೆಲಸ ನೋಡ್ತಾರೆ ಅಕ್ಕಾ, ಜಾಗ ಅಲ್ಲ" ಅಂದಳು. ಇವಳ ತಿಳಿವಳಿಕೆಗಿಷ್ಟು! ಹುಳದ ಬುದ್ಧಿ ಗೊತ್ತು, ಮನುಷ್ಯರದ್ದು ಗೊತ್ತಿಲ್ಲ.

ಕಡ್ಡಿ ಬಂದದ್ದು ಕಾಣೋಕೆ ಮುಂಚೆ ವಾಸನೆ ಬಂತು. ಫಿನಾಯಿಲು. ಆಸ್ಪತ್ರೆ ವರಾಂಡದಲ್ಲಿ ಬರುತ್ತಲ್ಲ, ಕಣ್ಣುರಿಯೋ ಹಾಗೆ. ಹುಡುಗಿ ಅಮ್ಮನ ಜೊತೆ ಬಸ್ಸಿಳಿದು ಬಂದಿದ್ದಳು. ಕೂದಲು ಒದ್ದೆ, ಕೈ ಎರಡೂ ಕೆಂಪಗೆ, ಬೆರಳ ಸಂದಿಯಲ್ಲಿ ಸಿಪ್ಪೆ ಎದ್ದಿತ್ತು. ಮುಖದಲ್ಲಿ ಮಾತ್ರ ಏನು ಹೆಮ್ಮೆ! ಡಬ್ಬಿಗಳನ್ನ ಮೇಜಿನ ಮೇಲಿಟ್ಟು, "ನೋಡಿ ಮಿಸ್, ಒಂಚೂರೂ ವಾಸನೆ ಇಲ್ಲ. ಡಬ್ಬಿ ತೊಳೆದೆ, ಹುಳಾನೂ ತೊಳೆದೆ, ನಾನೂ ತೊಳ್ಕೊಂಡೆ. ಅಮ್ಮ ಆಫೀಸಿಂದ ತಂದಿದ್ಲು, ನೀರು ಬೆರೆಸದೆ ಇರೋದು" ಅಂದಳು.

ನನ್ನ ತಂಗಿ ಮುಚ್ಚಳ ತೆಗೆದಳು. ಹುಳಗಳು ತೊಳೆದ ಅಕ್ಕಿ ಹಾಗೆ ಬೆಳ್ಳಗೆ, ನೀಟಾಗಿ ಬಿದ್ದಿದ್ದವು. ಬೆರಳಿಂದ ಒಂದನ್ನ ತಟ್ಟಿದಳು. ಇನ್ನೊಂದನ್ನ ತಟ್ಟಿದಳು.

"ಕಡ್ಡೀ, ಅಲ್ಲಾಡ್ತಿಲ್ಲ ಕಣೆ."

"ಬಸ್ಸಲ್ಲಿ ಅಲ್ಲಾಡ್ತಿದ್ವು ಮಿಸ್. ನಾನು ನೋಡಿದೆ."

ಅಲ್ಲಾಡ್ತಿದ್ದದ್ದು ಬಸ್ಸು, ಹುಳ ಅಲ್ಲ. ನನಗೇ ತಿಳಿದ ಮೇಲೆ ಅವಳಿಗೆ ತಿಳಿಯದೆ ಇರುತ್ತಾ? ಅವಳ ಮುಖದ ಹೆಮ್ಮೆ ಹಾಗೇ ಇಳೀತಾ ಹೋಯ್ತು. "ಎಸಿಗೆ ಚಳಿ ಆಗಿ ಮಲಗಿರಬಹುದಲ್ವಾ?" ಅಂದಳು. ನನ್ನ ತಂಗಿ ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಆ ಮಕ್ಕಳಿಗೆ ಅವಳು ಒಂದು ದಿನವೂ ಸುಳ್ಳು ಹೇಳಿದವಳಲ್ಲ. ಹುಡುಗಿಯ ಮುಂದೆ ಮಂಡಿಯೂರಿ ಕೂತು, "ಕೇಳು. ಏನು ಮಾಡಿದೆ, ಏನಾಯ್ತು, ಹಾಗೇ ಹೇಳು. ನೀನು ಕಂಡುಹಿಡಿದದ್ದು ಸತ್ತಿಲ್ಲ" ಅಂದಳು. ಬಸ್ತಿಗೆ ಓಡಿ ಬೇರೆ ಹುಳ ತರೋಣ ಅಂದ್ರೆ, ಆಗಲೇ ತೀರ್ಪುಗಾರರು ಮೊದಲ ಮೇಜಿಗೆ ಬಂದಿದ್ದರು.

ಇಬ್ಬರು ತೀರ್ಪುಗಾರರು, ಜೊತೆಗೆ ಸೆಂಟಮ್ಮ. ಕಡ್ಡಿ ಹೇಳಿದಳು, ಚೆನ್ನಾಗೇ ಹೇಳಿದಳು. ಒದ್ದೆ ಗೋಡೆ, ಒಣ ಗೋಡೆ, ಯಾಕೆ ಹತ್ತುತ್ತವೆ, ಯಾಕೆ ಜಾರ್ತವೆ. ಒಂದು ಮಾತೂ ತಪ್ಪಿಲ್ಲ.

"ಎಲ್ಲಿ, ತೋರಿಸು" ಅಂದರು ಒಬ್ಬರು.

"ಸತ್ತು ಹೋದ್ವು ಸರ್. ಫಿನಾಯಿಲಲ್ಲಿ ತೊಳೆದೆ."

ಇನ್ನೊಬ್ಬರು ನಕ್ಕುಬಿಟ್ಟರು. "ಹುಳಕ್ಕೆ ಫಿನಾಯಿಲ್ ಹಾಕಿದ್ರೆ ಸಾಯದೆ ಕುಣಿಯುತ್ತಾ? ವಿಜ್ಞಾನ ಓದೋಳು ನೀನು, ಅಷ್ಟೂ ಗೊತ್ತಾಗಲ್ವಾ? ಯಾಕಮ್ಮ ತೊಳೆದೆ?"

ಕಡ್ಡಿ ಸೆಂಟಮ್ಮನ ಮುಖ ನೋಡಿದಳು. ಅಷ್ಟು ಮಾತಾಡೋ ಹುಡುಗಿ ನೀಲಿ ಬಟ್ಟೆಯ ಅಂಚು ಹಿಡ್ಕೊಂಡು ನಿಂತುಬಿಟ್ಟಳು. ನನ್ನ ತಂಗಿಯೇ ಹೇಳಿದಳು, "ವಾಸನೆ ಬರಬಾರದು ಅಂತ ಇವಳಿಗೆ ಹೇಳಿದ್ದರು."

"ನಾನು ಸಾಮಾನ್ಯ ಸ್ವಚ್ಛತೆ ಬಗ್ಗೆ ಹೇಳಿದ್ದು" ಅಂದಳು ಸೆಂಟಮ್ಮ, ಮುಖದಲ್ಲಿ ಒಂದು ಗೆರೆ ಅಲುಗದೆ. "ಮಕ್ಕಳು ತಪ್ಪು ತಿಳ್ಕೊಂಡ್ರೆ ನಾವೇನು ಮಾಡೋಕಾಗುತ್ತೆ?"

ನನಗೆ ತಡೆಯೋಕಾಗಲಿಲ್ಲ. ನಾನು ಅಲ್ಲಿಗೆ ಬಂದಿದ್ದು ಗುಂಡಿ ಹಾಕೋಕೆ, ಸೂಜಿ ದಾರ ಕೈಯಲ್ಲೇ ಇತ್ತು. "ತಪ್ಪು ತಿಳ್ಕೊಂಡಿಲ್ಲ ಕಣ್ರೀ, ಸರಿಯಾಗೇ ತಿಳ್ಕೊಂಡಿದ್ದಾಳೆ! ಹುಳಕ್ಕೆ ವಾಸನೆ ಇಲ್ಲ ಅಂತ ಅವಳು ಮೂಸಿ ನೋಡಿದ್ದಾಳೆ. ನೀವು ಮೂಗು ಮುಚ್ಚಿದ್ದು ಯಾರನ್ನ ನೋಡಿ? ಹೇಳ್ರೀ ಇಲ್ಲಿ ಎಲ್ಲರ ಮುಂದೆ!" ಅಂತ ಕೂಗಿದೆ. ಸಭಾಂಗಣವೆಲ್ಲ ತಿರುಗಿ ನೋಡ್ತು. ತೀರ್ಪುಗಾರರು ಗಡಿಯಾರ ನೋಡ್ಕೊಂಡು ಪಕ್ಕದ ಸಾಲಿಗೆ ಜಾರಿಕೊಂಡರು. ಅಷ್ಟೇ. ನನ್ನ ಕೂಗಿನಿಂದ ಒಂದು ಹುಳವೂ ಎದ್ದು ಬರಲಿಲ್ಲ.

ಸೀಟು ಸಿಕ್ಕಿದ್ದು ಜ್ವಾಲಾಮುಖಿ ಮಾಡಿದ ಹುಡುಗನಿಗೆ. ಸಂಸ್ಥೆಯವರೇ ಕೊಟ್ಟ ಅದೇ ಪೆಟ್ಟಿಗೆ, ಅದೇ ವಿನೆಗರ್, ಕೆಂಪು ಬಣ್ಣದ ನೊರೆ ಚೆನ್ನಾಗಿ ಉಕ್ಕಿತು. ಅವನೂ ಇನ್ಯಾವುದೋ ಬಸ್ತಿಯ ಕೂಲಿಯವನ ಮಗ, ಓದಲಿ, ಅವನ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುವಾಗ ಕಡ್ಡಿಯೂ ಆ ಸುಟ್ಟ ಕೈಗಳಲ್ಲಿ ತಟ್ಟಿದಳು. ಒಬ್ಬ ಹುಡುಗ ಬುಟ್ಟಿ ತಂದು ಕೋಟುಗಳನ್ನ ಬಿಚ್ಚಿಸ್ಕೊಂಡು ಹೋದ.

ನಾವು ಡಬ್ಬಿ ಎತ್ಕೊಂಡು ಹೊರಡೋ ಹೊತ್ತಿಗೆ ಸೆಂಟಮ್ಮ ನಮ್ಮ ಮೇಜಿಗೆ ಬಂದಳು. ಕ್ಷಮೆ ಕೇಳೋಕೆ ಬಂದಳೇನೋ ಅಂದ್ಕೊಂಡೆ, ನನ್ನ ಹುಚ್ಚು. ಅವಳು ಡಬ್ಬಿಯೊಂದನ್ನ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಎಷ್ಟು ಚೆನ್ನಾಗಿ ತೊಳೆದಿದ್ದಾಳೆ! ಒಂದು ಕಲೆ ಇಲ್ಲ" ಅಂದಳು. ಆಮೇಲೆ ಕಡ್ಡಿಯ ಅಮ್ಮನ ಕಡೆ ತಿರುಗಿ, "ನೋಡಮ್ಮಾ, ನಮ್ಮ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯೋಕೆ, ನೆಲ ಒರೆಸೋಕೆ ಒಬ್ಬರು ಬೇಕು. ಇವಳನ್ನ ಕಳಿಸು. ಕಾಯಂ ಕೆಲಸ. ನಾವು ನಿಮ್ಮ ಮಕ್ಕಳನ್ನ ಹಾಗೆಲ್ಲ ಕೈ ಬಿಡಲ್ಲ" ಅಂದಳು.

ಹೇಸಿಗೆ ಅಂದ್ರೆ ಏನು ಅಂತ ನನಗೆ ಆ ನಿಮಿಷ ಗೊತ್ತಾಯ್ತು. ಕೊಳೆತದ್ದು, ಹಳಸಿದ್ದು, ಹುಳ ಹಿಡಿದದ್ದು, ಅದ್ಯಾವುದೂ ಅಲ್ಲ. ನಗ್ತಾ ನಿಂತಿದ್ದ ಆ ಮುಖ, ಹಲ್ಲು ಎಷ್ಟು ಬೆಳ್ಳಗಿದ್ದವು!

ಕಡ್ಡಿಯ ಅಮ್ಮ ಎರಡೂ ಕೈ ಜೋಡಿಸಿದಳು. ಕಣ್ಣಲ್ಲಿ ನೀರು ಬೇರೆ.

"ಬೇಡ" ಅಂದಳು ನನ್ನ ತಂಗಿ. ಅವಳ ತುಟಿ ಬಿಳುಚಿತ್ತು. "ಬೇಡಮ್ಮಾ. ಬೇರೆ ದಾರಿ ನೋಡೋಣ. ನಾನು ಓದಿಸ್ತೀನಿ, ನಮ್ಮ ಮನೇಲಿ ಇಟ್ಕೋತೀನಿ. ಅಕ್ಕಾ, ಇಟ್ಕೋಬಹುದಲ್ವಾ?"

"ಇಟ್ಕೋಬಹುದು" ಅಂದೆ. ಯೋಚನೆ ಮಾಡೋಕೇನಿದೆ?

ಕಡ್ಡಿಯ ಅಮ್ಮ ನನ್ನ ತಂಗಿಯ ಕೈ ಹಿಡ್ಕೊಂಡಳು, ಸಿಟ್ಟಿನಿಂದಲ್ಲ. "ನೀವು ಒಳ್ಳೆಯವರು ಮಿಸ್, ನಂಗೊತ್ತು. ಆದ್ರೆ ನೀವು ಇಷ್ಟು ವರ್ಷ ಹುಳ ಕೊಟ್ರಿ. ಅವರು ಒಂದೇ ದಿನದಲ್ಲಿ ಕೆಲಸ ಕೊಟ್ರು. ಮಾತು ಮಾತೇ ಅಲ್ವಾ ಮಿಸ್? ಸೀಟು ಸಿಕ್ಕಿದ್ರೆ ಓದಲಿ ಅಂದಿದ್ದೆ."

ನನ್ನ ತಂಗಿ ಕಡ್ಡಿಯ ಕಡೆ ತಿರುಗಿದಳು. "ನೀನು ಹೇಳೇ. ನಿನ್ನ ಬಾಯಲ್ಲಿ ಬರಲಿ. ನೀನು ಹೋಗಲ್ಲ ಅಂದ್ರೆ ಯಾರೂ ಎಳ್ಕೊಂಡು ಹೋಗೋಕಾಗಲ್ಲ."

ಹುಡುಗಿ ತನ್ನ ಕೈ ನೋಡ್ಕೊಂಡಳು. ಸೆಂಟಮ್ಮನಿಗೆ, "ಬರ್ತೀನಿ ಮೇಡಂ" ಅಂದಳು. ಆಮೇಲೆ ನನ್ನ ತಂಗಿಯ ಹತ್ತಿರ ಬಂದು, ಸಮಾಧಾನ ಮಾಡೋ ಹಾಗೆ ಮೆಲ್ಲಗೆ ಹೇಳಿದಳು:

"ಅಲ್ಲಿ ಪರವಾಗಿಲ್ಲ ಮಿಸ್. ಅಲ್ಲಿ ದಿನಾ ಮೈಯೆಲ್ಲ ಫಿನಾಯಿಲ್ ವಾಸನೆ ಇರುತ್ತಲ್ಲ. ನನ್ನ ವಾಸನೆ ಯಾರಿಗೂ ಬರಲ್ಲ."